ಪದ್ಮಿನಿಯ ವಂಶದ ರೇಸ್ ಕಾರು

ನಿಮ್ಮ ಊರಿನ ಓಣಿಯಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು ಕಂಡರೆ ಮಾಲೀಕರನ್ನು ಕೇಳಿ ಬಾನೆಟ್ ಎತ್ತಿಸಿ ನೋಡಿ. ಒಳಗಿರುವುದು 1089 ಸಿ.ಸಿ. ಎಂಜಿನ್, ಬೋರ್ 68 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಈ ಅಳತೆ 1937ರ ಫಿಯಾಟ್ 508 ಸಿ ಕಾರಿನದು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಕಟ್ಟಿದ ಪ್ರೀಮಿಯರ್ ಕಂಪನಿ ಅದೇ ವಂಶದ ಎಂಜಿನ್ನನ್ನು ಮುಂಬಯಿಯ ಕುರ್ಲಾದಲ್ಲಿ ದಶಕಗಳ ಕಾಲ ತಯಾರಿಸಿತು. ಇಟಲಿಯ ಅತಿ ಚೆಲುವಾದ ಕಾರುಗಳಲ್ಲೊಂದಾದ ಚಿಸಿತಾಲಿಯಾ 202ರ ಎದೆಯಲ್ಲಿದ್ದದ್ದೂ ಇದೇ ಫಿಯಾಟ್ ಎಂಜಿನ್.

ಎರಡನೆಯ ಮಹಾಯುದ್ಧ ಮುಗಿದಾಗ ಇಟಲಿಯಲ್ಲಿ ದೊಡ್ಡ ಎಂಜಿನ್ನಿಗೆ ಹಣವೂ ಇರಲಿಲ್ಲ, ಲೋಹವೂ ಇರಲಿಲ್ಲ. ಟ್ಯೂರಿನ್ನಿನ ಉದ್ಯಮಿ ಪಿಯೆರೋ ದೂಸಿಯೋ ಸೈಕಲ್ಲುಗಳನ್ನೂ ತಯಾರಿಸುತ್ತಿದ್ದರು. ಹಗುರವಾದ ಉಕ್ಕಿನ ಕೊಳವೆಗಳನ್ನು ಹೆಣೆದು ಚಾಸಿ ಮಾಡಿಸಿ, ಅದಕ್ಕೆ ಫಿಯಾಟಿನ ಎಂಜಿನ್ನನ್ನೇ ಚುರುಕುಗೊಳಿಸಿ ಕೂರಿಸಿದರು. ಹೀಗೆ ಹುಟ್ಟಿದ್ದೇ ಚಿಸಿತಾಲಿಯಾ. ಆರಂಭದ ವಿನ್ಯಾಸ ಫಿಯಾಟಿನ ಎಂಜಿನಿಯರ್ ದಾಂತೆ ಜಿಯಾಕೋಸಾ ಅವರದು.

1947ರ ಜೂನ್ ತಿಂಗಳ ಮಿಲ್ಲೆ ಮಿಲ್ಯಾ ರೇಸಿನ ಕಥೆಯನ್ನು ನಾನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಬ್ರೆಶಾದಿಂದ ಹೊರಟು ರೋಮ್ ಮುಟ್ಟಿ ಮತ್ತೆ ಬ್ರೆಶಾಕ್ಕೆ, 1800 ಕಿ.ಮೀ.ಗೂ ಮಿಕ್ಕಿದ ಹಾದಿ. ಊರೊಳಗಿನ ರಸ್ತೆ, ಘಟ್ಟದ ರಸ್ತೆ ಎಲ್ಲವೂ. ಇಟಲಿಯ ಹೆಸರಾಂತ ರೇಸ್ ಚಾಲಕ ತಾತ್ಸಿಯೋ ನುವೊಲಾರಿಗೆ ಆಗ 54 ವರ್ಷ. ಶ್ವಾಸಕೋಶ ಕೆಟ್ಟಿತ್ತು, ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡಿದ್ದರು. ಮೇಲ್ಛಾವಣಿಯಿಲ್ಲದ ಪುಟ್ಟ ಚಿಸಿತಾಲಿಯಾದಲ್ಲಿ ಕುಳಿತು ಎಲ್ಲರಿಗಿಂತ ಮುಂದಿದ್ದರು. ಕೊನೆಯ ಭಾಗದಲ್ಲಿ ಜಡಿಮಳೆ. ಇಗ್ನಿಷನ್ನಿಗೆ ನೀರು ಹೊಕ್ಕು ಕಿಡಿ ನಿಂತಿತು. ಅದನ್ನು ಒಣಗಿಸಿ ಮತ್ತೆ ಹೊರಡುವಷ್ಟರಲ್ಲಿ ಎದುರಾಳಿ ಬಿಯೊಂದೆತ್ತಿಯ ಆಲ್ಫಾ ರೋಮಿಯೋ ಮುಂದೆ ಹೋಗಿತ್ತು. ಅದರ ಎಂಜಿನ್ 2905 ಸಿ.ಸಿ.! ಎರಡು, ಮೂರು, ನಾಲ್ಕನೆಯ ಸ್ಥಾನಗಳು ಮೂರೂ ಚಿಸಿತಾಲಿಯಾಗಳಿಗೇ ಸಂದವು. ಆ ಗೆಲುವಿಗಿಂತ ನುವೊಲಾರಿಯ ಎರಡನೆಯ ಸ್ಥಾನವೇ ನನಗೆ ದೊಡ್ಡದು.

ಅದೇ ವರ್ಷ ಕಾರು ವಿನ್ಯಾಸಕಾರ ಪಿನಿನ್ ಫರೀನಾ 202ರ ಛಾವಣಿಯುಳ್ಳ ಕೂಪೆಗೆ ಮೈ ಕೊಟ್ಟರು. ಅಲ್ಲಿಯವರೆಗೆ ಬಾನೆಟ್, ಮಡ್‌ಗಾರ್ಡ್, ಹೆಡ್‌ಲೈಟ್ ಎಲ್ಲ ಬೇರೆ ಬೇರೆ ತುಂಡುಗಳಾಗಿ ಎದ್ದು ಕಾಣುವುದೇ ರೂಢಿ. ಇಲ್ಲಿ ಎಲ್ಲವೂ ಒಂದೇ ಹಾಳೆಯಂತೆ ಬೆಸೆದುಕೊಂಡವು. ಬಾನೆಟ್ ಮಡ್‌ಗಾರ್ಡುಗಳಿಗಿಂತ ಕೆಳಗಿಳಿಯಿತು. ಕೈಸುತ್ತಿಗೆಯಿಂದ ಬಡಿದು ತಿದ್ದಿದ ಅಲ್ಯೂಮಿನಿಯಂ ಅದು. ಟಿಂಕರಿಂಗ್ ಬಲ್ಲ ನಮ್ಮ ಮಿಸ್ತ್ರಿಗಳಿಗೆ ಅದರ ಕಷ್ಟ ಹೇಳಬೇಕಾಗಿಲ್ಲ. ಎಂಜಿನ್ನಿನ ಶಕ್ತಿ ಸುಮಾರು 50 ಅಶ್ವಶಕ್ತಿ ಮಾತ್ರ. ಆದರೂ ಗಂಟೆಗೆ 160 ಕಿ.ಮೀ. ಹತ್ತಿರ ಓಡಿತೆಂದರೆ ಪುಣ್ಯ ಹಗುರವಾದ ಮೈಯದು, ಗಾಳಿ ಸೀಳುವ ಆಕಾರದ್ದು.

ದೂಸಿಯೋ ಪೋರ್ಷೆ ಬಳಗದಿಂದ ಗ್ರ್ಯಾನ್ ಪ್ರಿ ಕಾರು ಮಾಡಿಸಲು ಹೋಗಿ ಹಣವೆಲ್ಲ ಕರಗಿಸಿಕೊಂಡರು. ಆದರೆ 202ರ ಕೀರ್ತಿ ಕರಗಲಿಲ್ಲ.

ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 1951ರಲ್ಲಿ ಎಂಟು ಕಾರುಗಳ ಪ್ರದರ್ಶನದಲ್ಲಿ 202ನ್ನು ಇಟ್ಟಿತು. 1972ರಲ್ಲಿ ತನ್ನ ಸಂಗ್ರಹಕ್ಕೇ ಸೇರಿಸಿಕೊಂಡಿತು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವವರು ಅಲ್ಲಿ ಅದು ಪ್ರದರ್ಶನಕ್ಕಿದೆಯೇ ಎಂದು ವಿಚಾರಿಸಿ. ಇದ್ದರೆ ಎದುರಿನಿಂದಲ್ಲ, ಮೊದಲು ಪಕ್ಕದಿಂದ ನೋಡಿ. ಹೆಡ್‌ಲೈಟಿನಿಂದ ಹೊರಟ ಗೆರೆ ಹಿಂದಿನ ಗಾಲಿಯ ಮೇಲೆ ಉಬ್ಬಿ ಬಾಲದವರೆಗೆ ಎಲ್ಲೂ ಕಡಿಯದೆ ಹರಿಯುತ್ತದೆ.