ಕಟ್ಟಿ ಕೆಡವಿದ ವೃಷಭ

ಹಿಂಸೆ ಎಂದೊಡನೆ ರಕ್ತ ಮತ್ತು ಆಯುಧಗಳು ನಮ್ಮ ಕಣ್ಣೆದುರು ನಿಲ್ಲುತ್ತವೆ. ಇವೆರಡೂ ಇಲ್ಲದೆಯೇ ಹಿಂಸೆಯ ಸ್ವರೂಪವನ್ನು ಕಾಣಿಸಿದ ಕೃತಿಯೊಂದು ಆಧುನಿಕ ಭಾರತೀಯ ಚಿತ್ರಕಲೆಯಲ್ಲಿದೆ. ತಯ್ಯಬ್ ಮೆಹ್ತಾ (1925–2009) ಅವರು 1956ರಲ್ಲಿ ರಚಿಸಿದ, ಕಾಲು ಕಟ್ಟಿ ಕೆಡವಿದ ಹೋರಿಯ ಚಿತ್ರವೇ ಅದು.

ಇಲ್ಲಿ ಕಟುಕನಿಲ್ಲ, ಕತ್ತಿಯಿಲ್ಲ; ಇರುವುದು ಪ್ರಾಣಿಯ ಭಾರವಾದ ದೇಹವೊಂದೇ. ಹೋರಿ ಬಲದ ಪ್ರತೀಕ. ಆದಿತೀರ್ಥಂಕರರ ಲಾಂಛನವೂ ವೃಷಭವೇ. ಆ ಬಲವು ಕುಂದಿಲ್ಲ, ಆದರೆ ಅದಕ್ಕೆ ಹೊರದಾರಿಯಿಲ್ಲ. ಕಟ್ಟುವುದು ಮುಗಿದಿದೆ, ಕೊಲ್ಲುವುದು ಇನ್ನೂ ನಡೆದಿಲ್ಲ. ಈ ನಡುಗಾಲದಲ್ಲಿಯೇ ನೋಡುವವನ ಮನಸ್ಸೂ ಸಿಕ್ಕಿಬೀಳುತ್ತದೆ. ಚಿತ್ರದ ಮಾನಸಿಕ ಉದ್ವೇಗದ ಮೂಲವಿದು.

1947ರ ಗಲಭೆಯಲ್ಲಿ ಮುಂಬಯಿಯ ಮಹಮ್ಮದಾಲಿ ರಸ್ತೆಯಲ್ಲಿ ಗುಂಪೊಂದು ಯುವಕನನ್ನು ಕೊಂದುದನ್ನು ಮೆಹ್ತಾ ಕಿಟಕಿಯಿಂದ ಕಣ್ಣಾರೆ ಕಂಡಿದ್ದರು. ಆದಕಾರಣ ವಿಮರ್ಶಕರು ಈ ಹೋರಿಯಲ್ಲಿ ದೇಶವಿಭಜನೆಯ ಕಾಲದ ಅಸಹಾಯಕ ಮನುಷ್ಯನನ್ನು ಗುರುತಿಸುತ್ತಾರೆ. ತನ್ನ ಶಕ್ತಿಯನ್ನು ಬಳಸಲಾರದ ಜನಸಮೂಹದ ಸ್ಥಿತಿಯನ್ನು ಕಲಾವಿದರೂ ಇದರಲ್ಲಿ ಕಂಡಿದ್ದರು. ಈ ಅರ್ಥ ಸಾಧುವಾದುದೇ. ಆದರೆ ಅಲ್ಲಿಗೇ ನಿಂತರೆ ಪ್ರಾಣಿಗೆ ಅನ್ಯಾಯವಾಗುತ್ತದೆ. ಹೋರಿಯ ನೋವು ಮನುಷ್ಯನ ನೋವಿಗೆ ಕೇವಲ ಉಪಮಾನವೇ? ಅದೂ ಪಂಚೇಂದ್ರಿಯ ಜೀವಿ. ಅದರ ಭಯ ಅದರದೇ. ಕಲಾವಿದರು ಇದನ್ನು ಮರೆತವರಲ್ಲ. 1970ರಲ್ಲಿ ತಾವು ನಿರ್ದೇಶಿಸಿದ 'ಕೂಡಲ್' ಕಿರುಚಿತ್ರದಲ್ಲಿ ಅವರು ಬಾಂದ್ರಾದ ಕಸಾಯಿಖಾನೆಯ ದೃಶ್ಯಗಳನ್ನೇ ತೋರಿಸಿದರು. ಅಲ್ಲಿ ಹೋರಿ ಸಂಕೇತವಲ್ಲ, ಸಾಯುವ ಜೀವ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ನಮ್ಮ ಆಚಾರ್ಯರು ಮೊದಲು ಹೇಳಿದ್ದು ಬಂಧವನ್ನು. ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು ಅನಂತರ ಬರುತ್ತವೆ. ಈ ಕ್ರಮವನ್ನು ನೆನೆದು ನೋಡಿದರೆ ಚಿತ್ರದ ಅರ್ಥ ಇನ್ನಷ್ಟು ತೆರೆದುಕೊಳ್ಳುತ್ತದೆ. ಇಲ್ಲಿ ಹಿಂಸೆ ಮುಂದೆ ನಡೆಯಬೇಕಾದುದಲ್ಲ. ಹಗ್ಗ ಬಿಗಿದಾಗಲೇ ನಡೆದುಹೋಗಿದೆ.

2025ರ ಏಪ್ರಿಲ್‌ನಲ್ಲಿ ಈ ಚಿತ್ರ ಹರಾಜಿನಲ್ಲಿ 61.8 ಕೋಟಿ ರೂಪಾಯಿಗೆ ಮಾರಾಟವಾಯಿತು. ಬೆಲೆ ಕೇಳಿ ಬೆರಗಾಗುವುದು ಸುಲಭ. ಚಿತ್ರದೆದುರು ನಿಲ್ಲುವುದು ಕಠಿನ. ಕಟ್ಟಿದವನು ಚಿತ್ರದೊಳಗಿಲ್ಲವಾದ್ದರಿಂದ ಅವನ ಸ್ಥಾನದಲ್ಲಿ ನಿಂತಿರುವವರು ನೋಡುವ ನಾವೇ. ಕೊಲ್ಲದವರೆಂಬ ಸಮಾಧಾನ ನಮಗುಂಟು. ಕೊಟ್ಟಿಗೆಯ ಪಶುವನ್ನೋ, ಮನೆಯ ಆಳನ್ನೋ, ಸಾಲಗಾರನನ್ನೋ ಅಲುಗಾಡದಂತೆ ಕಟ್ಟಿಹಾಕಿದವರಲ್ಲವೆಂಬ ಸಮಾಧಾನವೂ ನಮಗುಂಟೇ? ಈ ಪ್ರಶ್ನೆಯನ್ನು ನಮ್ಮೊಳಗೆ ಎಬ್ಬಿಸುವುದರಲ್ಲಿಯೇ ಕೃತಿಯ ಶ್ರೇಷ್ಠತೆಯಿದೆ.