ಇಗ್ವಾನಾದ ಬಾಯಿಹುಣ್ಣಿಗೆ ಮೊದಲ ಮದ್ದು ಬಿಸಿ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಲ್ಲಿ ಇಗ್ವಾನಾ ಸಾಕಿದವರಿಂದ ಒಂದೇ ದೂರು: ‘ಇಂಜೆಕ್ಷನ್ ಕೊಡಿಸಿದರೆ ಬಾಯಿ ವಾಸಿಯಾಗುತ್ತದೆ, ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಕೀವು.’ ಔಷಧಿ ಬದಲಾಗುತ್ತದೆ, ಡಾಕ್ಟರೂ ಬದಲಾಗುತ್ತಾರೆ. ರಾತ್ರಿ ಹೊತ್ತು ಗೂಡಿನೊಳಗೆ ಎಷ್ಟು ಡಿಗ್ರಿ ಇರುತ್ತದೆ ಎಂದು ಕೇಳಿದರೆ ಮಾತ್ರ ಹೆಚ್ಚಿನವರಲ್ಲಿ ಉತ್ತರವಿಲ್ಲ. ಆ ಉತ್ತರ ಸಿಗುವ ತನಕ ಯಾವ ಚಿಕಿತ್ಸೆಯೂ ಫಲಿಸುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಸಿರು ಇಗ್ವಾನಾ ಮೆಕ್ಸಿಕೊದಿಂದ ಬ್ರೆಜಿಲ್‌ವರೆಗಿನ ಬೆಚ್ಚನೆಯ ಕಾಡುಗಳಲ್ಲಿ ಮರದ ಮೇಲೆ ಬಾಳುವ ಪ್ರಾಣಿ. ಮೈಯ ಬಿಸಿಯನ್ನು ಅದು ಬಿಸಿಲಿನಿಂದಲೇ ಪಡೆಯಬೇಕು. ಸೋಂಕು ತಗುಲಿದರೆ ನಮಗೆ ಕೂತಲ್ಲೇ ಮೈ ಸುಡುತ್ತದೆ. ಇಂಥ ಸರೀಸೃಪಗಳು ಹೆಚ್ಚು ಕಾವಿರುವ ಜಾಗ ಹುಡುಕಿಕೊಂಡು ಹೋಗಿ ಜ್ವರ ಬರಿಸಿಕೊಳ್ಳುತ್ತವೆ. 1975ರಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿ ಇಗ್ವಾನಾಗಳಿಗೆ ಏರೋಮೊನಾಸ್ ಬ್ಯಾಕ್ಟೀರಿಯಾ ಚುಚ್ಚಿ, 34ರಿಂದ 42 ಡಿಗ್ರಿವರೆಗಿನ ಬೇರೆ ಬೇರೆ ಕಾವಿನಲ್ಲಿ ಇಟ್ಟು ನೋಡಿದರು. ಕಾವು ಹೆಚ್ಚಿದಂತೆ ಬದುಕುಳಿದವುಗಳ ಸಂಖ್ಯೆಯೂ ಹೆಚ್ಚಿತು. ಮರುವರ್ಷ ಜ್ವರ ಇಳಿಸುವ ಸ್ಯಾಲಿಸಿಲೇಟ್ ಕೊಟ್ಟು ಪರೀಕ್ಷಿಸಿದಾಗ, ಜ್ವರ ಏರಲಾಗದವು ಸತ್ತವು. ಸರೀಸೃಪ ಸಾಕುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಪ್ರಯೋಗ ಇದು.

ಜನವರಿಯ ಬೆಂಗಳೂರು ರಾತ್ರಿ 15–16 ಡಿಗ್ರಿಗೆ ಇಳಿಯುತ್ತದೆ. ಅಷ್ಟು ತಂಪಿನಲ್ಲಿ ಇಗ್ವಾನಾದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಹೊಟ್ಟೆಯ ಸೊಪ್ಪು ಜೀರ್ಣವಾಗುವುದಿಲ್ಲ, ಚುಚ್ಚಿದ ಔಷಧಿ ಕೂಡ ಎಣಿಸಿದಂತೆ ಕೆಲಸ ಮಾಡುವುದಿಲ್ಲ. ಬಿಸಿಲು ಕಾಯುವ ಕೊಂಬೆಯ ಮೇಲೆ ಹಗಲು 35ರಿಂದ 38 ಡಿಗ್ರಿ, ಗೂಡಿನ ಉಳಿದ ಭಾಗದಲ್ಲಿ 27ರಿಂದ 30 ಇರಲಿ. ರಾತ್ರಿ 24ಕ್ಕಿಂತ ಕೆಳಗಿಳಿಯಬಾರದು. ಕಾಯಿಲೆ ಇದ್ದಾಗ ಇನ್ನೆರಡು ಮೂರು ಡಿಗ್ರಿ ಹೆಚ್ಚಿದ್ದರೆ ಒಳ್ಳೆಯದು. ರಾತ್ರಿಗೆ ಬೆಳಕು ಸೂಸದ ಸೆರಾಮಿಕ್ ಹೀಟರ್, ಜೊತೆಗೆ ಥರ್ಮೋಸ್ಟಾಟ್ ಬೇಕೇ ಬೇಕು. ಥರ್ಮಾಮೀಟರನ್ನು ಗಾಜಿಗೆ ಅಂಟಿಸಿ ಸುಮ್ಮನಾಗಬೇಡಿ, ಪ್ರಾಣಿಯ ಬೆನ್ನಿನ ಮಟ್ಟದಲ್ಲಿ ಇಟ್ಟು ನೋಡಿ. ಬಿಸಿ ಕಲ್ಲು ಎಂದು ಮಾರುವ ಹೀಟರ್ ಹೊಟ್ಟೆಯ ಚರ್ಮ ಸುಡುತ್ತದೆ, ಅದನ್ನು ಕೊಳ್ಳಲೇಬೇಡಿ.

ಕಾವು ಸರಿಪಡಿಸಿದರೂ ಕೀವಿನ ತೊಡಕು ಉಳಿಯುತ್ತದೆ. ನಮ್ಮ ಗಾಯದ ಕೀವು ಹರಿದು ಹೋಗುತ್ತದೆ. ಸರೀಸೃಪಗಳ ಬಿಳಿ ರಕ್ತಕಣಗಳಲ್ಲಿ ಅದನ್ನು ಕರಗಿಸುವ ಕಿಣ್ವ ಸಾಲದು. ಅವುಗಳ ಕೀವು ಒಣಗಿದ ಪನೀರ್ ಚೂರಿನಂತೆ ವಸಡಿಗೆ ಕಚ್ಚಿಕೊಳ್ಳುತ್ತದೆ, ಅದರೊಳಕ್ಕೆ ಔಷಧಿ ಇಳಿಯುವುದಿಲ್ಲ. ಡಾಕ್ಟರು ಅರಿವಳಿಕೆ ಕೊಟ್ಟು ಕೆರೆದು ತೆಗೆಯಬೇಕಾಗುತ್ತದೆ. ಮನೆಯಲ್ಲಿ ಇಯರ್‌ಬಡ್ಡಿನಿಂದ ಎಬ್ಬಿಸಲು ಹೋಗಬೇಡಿ. ಒಂದು ಚೂರು ನಾಲಿಗೆಯ ಬುಡದಲ್ಲಿರುವ ಶ್ವಾಸದ ತೂತಿಗೆ ಜಾರಿದರೆ ಬಾಯಿಯ ಸೋಂಕು ಶ್ವಾಸಕೋಶಕ್ಕೆ ಹೊಕ್ಕಂತೆಯೇ. ವಪೆ ಇಲ್ಲದ ಈ ಪ್ರಾಣಿಗೆ ನಮ್ಮ ಹಾಗೆ ಕೆಮ್ಮಿ ಕಫ ಹೊರಹಾಕಲು ಬಾರದು.

ಎರಡನೇ ಸಲ ಸೋಂಕು ಮರಳಿತೆಂದರೆ ಊಹೆಯ ಮೇಲೆ ಇನ್ನೊಂದು ಆ್ಯಂಟಿಬಯಾಟಿಕ್ ಬೇಡ. ಸ್ವಾಬ್ ತೆಗೆಸಿ ಕಲ್ಚರ್ ಟೆಸ್ಟ್ ಮಾಡಿಸಿ. ಇಲ್ಲಿ ಹೆಚ್ಚಾಗಿ ಕಾಣುವ ಸ್ಯೂಡೊಮೊನಾಸ್ ಹಲವು ಸಾಮಾನ್ಯ ಔಷಧಿಗಳಿಗೆ ಜಗ್ಗುವುದಿಲ್ಲ. ಅಮಿಕಾಸಿನ್ ಬರೆದರೆ ಮೈಯಲ್ಲಿ ನೀರಿನಂಶ ಸಾಕಷ್ಟಿದೆಯೇ ಎಂದು ಕೇಳಿ, ಆ ಔಷಧಿ ಮೂತ್ರಪಿಂಡಕ್ಕೆ ಅಪಾಯ. ಸೂಜಿಯನ್ನು ಮೈಯ ಮುಂಭಾಗಕ್ಕೇ ಚುಚ್ಚುವುದು ರೂಢಿ. ಹಿಂಗಾಲಿನ ರಕ್ತ ನೇರವಾಗಿ ಮೂತ್ರಪಿಂಡದ ಕಡೆಗೆ ಹೋಗಬಹುದು ಎಂಬುದೇ ಕಾರಣ. ಬಾಯಿ ಚೆನ್ನಾಗಿ ಕಂಡಿತೆಂದು ಔಷಧಿಯನ್ನು ನಡುವೆ ನಿಲ್ಲಿಸಬೇಡಿ.

ಕಾಯಿಲೆಯಲ್ಲದ್ದನ್ನು ಕಾಯಿಲೆ ಎಂದುಕೊಳ್ಳುವುದೂ ಉಂಟು. ಇಗ್ವಾನಾ ಸೀನುವುದು ಸಹಜ. ಮೂಗಿನ ಗ್ರಂಥಿಯಿಂದ ಹೆಚ್ಚಾದ ಉಪ್ಪನ್ನು ಅದು ಹೀಗೆಯೇ ಹೊರಹಾಕುತ್ತದೆ. ಗಾಜಿನ ಮೇಲೆ ಒಣಗುವ ಬಿಳಿ ಪುಡಿ ಆ ಉಪ್ಪು. ಅದನ್ನು ನೆಗಡಿ ಎಂದು ತಿಳಿದು ಔಷಧಿ ಕುಡಿಸಿದವರನ್ನು ನೋಡಿ ಸಂಕಟಪಟ್ಟಿದ್ದೇನೆ. ಸಿಂಬಳ ಅಂಟಂಟಾಗಿ ನೂಲೆದ್ದರೆ, ಮೂಗಿನಲ್ಲಿ ಗುಳ್ಳೆ ಬಂದರೆ, ಉಸಿರಿನಲ್ಲಿ ಸದ್ದು ಕೇಳಿದರೆ ಅದು ಸೋಂಕಿನ ಗುರುತು.

ಪದೇ ಪದೇ ಹುಣ್ಣಾಗುವ ಬಾಯಿಯ ದವಡೆಯನ್ನೂ ಮುಟ್ಟಿ ನೋಡಬೇಕು. ಕ್ಯಾಲ್ಸಿಯಂ ಕಡಿಮೆಯಾಗಿ ಮೂಳೆ ಮೆತ್ತಗಾದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ, ವಸಡು ಒಣಗಿ ಬಿರಿಯುತ್ತದೆ, ಸೋಂಕು ಅಲ್ಲಿಂದಲೇ ಹೊಗುತ್ತದೆ. ಕಿಟಕಿಯ ಗಾಜಿನ ಹಿಂದಿನ ಬಿಸಿಲಿನಿಂದ ಪ್ರಯೋಜನವಿಲ್ಲ, ವಿಟಮಿನ್ ಡಿ ಉಂಟುಮಾಡುವ ಕಿರಣವನ್ನು ಗಾಜು ತಡೆಯುತ್ತದೆ. ಯುವಿಬಿ ಟ್ಯೂಬ್ ಉರಿಯುತ್ತಿದ್ದರೂ ಅದರ ಸತ್ವ ತಗ್ಗುತ್ತಾ ಹೋಗುವುದರಿಂದ ಕನಿಷ್ಠ ವರ್ಷಕ್ಕೊಮ್ಮೆಯಾದರೂ ಬದಲಿಸಿ. ಸೊಪ್ಪಿನಲ್ಲಿ ನುಗ್ಗೆ, ದಾಸವಾಳದ ಎಲೆ ನಮ್ಮ ಹಿತ್ತಿಲಲ್ಲೇ ಇವೆ. ಪಾಲಕ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ, ದಿನವೂ ಬೇಡ. ತಂತಿ ಜಾಲರಿಗೆ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುವ ಪ್ರಾಣಿಗೆ ದೊಡ್ಡ ಗೂಡು ಕೊಡದೆ ಬೇರೆ ದಾರಿಯಿಲ್ಲ. ಬಾಯಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆರೋಗ್ಯವಾಗಿರುವ ಇಗ್ವಾನಾದಲ್ಲೂ ಸಾಲ್ಮೊನೆಲ್ಲಾ ಇರಬಹುದು.

ಮುಂದಿನ ಸಲ ಸರೀಸೃಪ ಬಲ್ಲ ಡಾಕ್ಟರ ಬಳಿ ಹೋಗುವಾಗ ಒಂದು ವಾರದ ಹಗಲು-ರಾತ್ರಿಯ ಡಿಗ್ರಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಆದರೆ ನಿಮ್ಮ ಇಗ್ವಾನಾ ತಂಪು ಹೊತ್ತಿನಲ್ಲೂ ಕತ್ತು ಮೇಲೆತ್ತಿ ಬಾಯಿ ತೆರೆದೇ ಉಸಿರಾಡುತ್ತಿದ್ದರೆ ಚೀಟಿಗಾಗಿ ಕಾಯಬೇಡಿ, ಬೆಚ್ಚಗೆ ಹೊದಿಸಿ ಅಂದೇ ಹೊರಡಿ.