ಚೌಕಟ್ಟಿನ ಹೊರಗೆ ಉಳಿದ ಎರಿಹೊಲ

ಕನ್ನಡದಲ್ಲಿ ನಿಸರ್ಗ ಎಂದರೆ ಹೆಚ್ಚುಕಡಿಮೆ ಮಲೆನಾಡು ಎಂದೇ ಆಗಿಬಿಟ್ಟಿದೆ. ಕುವೆಂಪು ಕಾದಂಬರಿಗಳ ಕಾಡು, ತೇಜಸ್ವಿಯವರ ಮೂಡಿಗೆರೆ, ಆಮೇಲೆ ಬಂದ ಎಷ್ಟೋ ಪರಿಸರ ಬರಹಗಳ ಮಳೆ, ಜಿಗಣೆ, ಹಳ್ಳ, ಕಾಫಿತೋಟ ಇವನ್ನೆಲ್ಲ ಓದಿ ಬೆಳೆದ ನಮ್ಮೊಳಗೆ ಹಸಿರಿಲ್ಲದ ಕಡೆ ನಿಸರ್ಗವೂ ಇಲ್ಲ ಎಂಬ ಭಾವನೆ ಗೊತ್ತಿಲ್ಲದೆಯೇ ಕೂತಿರುತ್ತದೆ. ನಾನು ಕನ್ನಡದ ಪರಿಸರ ಬರಹಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹುಟ್ಟಿ ಬೆಳೆದದ್ದು ಮಲಪ್ರಭೆಯ ಆಚೀಚಿನ ಎರಿಸೀಮೆಯಲ್ಲಿ. ನಾನು ಓದುವ ನಿಸರ್ಗಕ್ಕೂ ಬಸ್ಸಿನ ಕಿಟಕಿಯಿಂದ ದಿನಾ ಕಾಣುವ ನೆಲಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ಬಹಳ ದಿನ ಕಾಡಿತ್ತು. ಅದಕ್ಕೆ ಉತ್ತರದ ಒಂದು ತುದಿ ಸಿಕ್ಕಿದ್ದು ಒಬ್ಬ ಹವ್ಯಾಸಿ ಛಾಯಾಗ್ರಾಹಕರ ಹಾರ್ಡ್ ಡಿಸ್ಕಿನಲ್ಲಿ.

ಅವರು ಬೈಲಹೊಂಗಲದ ಹೈಸ್ಕೂಲ್ ಮಾಸ್ತರರು. ಹೆಸರು ಹಾಕುವುದು ಬೇಡ ಅಂದಿದ್ದಾರೆ. ರವಿವಾರ ಬಂದರೆ ಕ್ಯಾಮೆರಾ ಹೆಗಲಿಗೇರಿಸಿ ಬೈಕ್ ಹತ್ತುತ್ತಾರೆ. ಒಂದು ವಾರ ಕಿತ್ತೂರಿನ ಕಡೆ, ಇನ್ನೊಂದು ವಾರ ಸವದತ್ತಿ, ರಜೆ ಇದ್ದರೆ ರಾಮದುರ್ಗದ ತನಕ. ಕಿತ್ತೂರಿನಿಂದ ರಾಮದುರ್ಗಕ್ಕೆ ಸುಮಾರು ನೂರು ಕಿಲೋಮೀಟರ್. ಅಷ್ಟರೊಳಗೆ ಮಲೆನಾಡಿನ ಸೆರಗು ಮುಗಿದು, ಕರಿಮಣ್ಣಿನ ಬಯಲು ಹರವಿಕೊಂಡು, ಕಲ್ಲುಗುಡ್ಡಗಳ ಒಣಸೀಮೆ ಶುರುವಾಗುತ್ತದೆ. ಆರು ವರ್ಷಗಳ ಈ ತಿರುಗಾಟದ ಚಿತ್ರಗಳನ್ನು ಒಂದು ಕವನಸಂಕಲನ ಓದುವಂತೆ ಕ್ರಮವಾಗಿ ನೋಡಿದೆ. ಹವ್ಯಾಸಿಗಳ ಚಿತ್ರಗಳನ್ನು ನಾವು ಸಾಮಾನ್ಯವಾಗಿ 'ಸೂಪರ್' ಎಂದು ಮೆಚ್ಚಿ ಮುಂದೆ ಹೋಗುತ್ತೇವೆ. ಅವುಗಳಿಗೂ ವಿಮರ್ಶೆ ಸಲ್ಲಬೇಕು.

ಮೊದಲೇ ಹೇಳಿಬಿಡುತ್ತೇನೆ, ಹೆಚ್ಚಿನವು ಎಲ್ಲರೂ ತೆಗೆಯುವಂಥ ಚಿತ್ರಗಳೇ. ಒಂದು ಟೊಂಗೆ, ಅದರ ಮೇಲೆ ಮಿಂಚುಳ್ಳಿ, ಹಿಂದೆ ಬೆಣ್ಣೆ ಸವರಿದಂಥ ನುಣ್ಣನೆಯ ಹಸಿರು. ನವಿಲುತೀರ್ಥದಲ್ಲಿ ಗರಿ ಬಿಚ್ಚಿದ ನವಿಲು. ತಂತಿಯ ಮೇಲಿನ ನೀಲಕಂಠ, ಆದರೆ ತಂತಿ ಕಾಣದಂತೆ ಕತ್ತರಿಸಿದ್ದು. ಚಿತ್ರಗಳು ಚೊಕ್ಕವಾಗಿವೆ, ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕಿಯೂ ಇದೆ. ಆದರೆ ಇದು ಸವದತ್ತಿಯೋ ಸಕಲೇಶಪುರವೋ ಹೇಳಲಾಗದು. ಉದ್ದ ಮಸೂರ ಹಾಕಿ ದ್ಯುತಿರಂಧ್ರ ಅಗಲ ಮಾಡಿದರೆ ಹಕ್ಕಿ ಮಾತ್ರ ನಿಚ್ಚಳವಾಗಿ ಉಳಿದು ಹಿನ್ನೆಲೆ ಕರಗುತ್ತದೆ. ಇಲ್ಲಿ ಹಾಗೆ ಕರಗಿಹೋಗಿರುವುದು ಹೊಲ, ಬದು, ಬಾರಿಕಂಟಿ, ಬಿಸಿಲು. ಒಟ್ಟಿನಲ್ಲಿ ಊರೇ ಕರಗಿದೆ.

ಇದು ಮಾಸ್ತರರೊಬ್ಬರ ಅಭಿರುಚಿಯ ಪ್ರಶ್ನೆಯಲ್ಲ. ಇದರ ಹಿಂದೆ ಒಂದು ಚರಿತ್ರೆಯಿದೆ. ಕನ್ನಡದಲ್ಲಿ ಫೋಟೊಕ್ಕೆ ಮೂರು ಕ್ರಿಯಾಪದಗಳಿವೆ: ತೆಗೆಯುವುದು, ಹಿಡಿಯುವುದು, ಹೊಡೆಯುವುದು. ಈ ಸೀಮೆಯ ಹಕ್ಕಿಗಳ ದಾಖಲೆಯ ಕತೆಯೂ ಹೊಡೆಯುವುದರಿಂದಲೇ ಶುರುವಾಯಿತು. ಬೆಳಗಾವಿಯ ದಂಡಿನಲ್ಲಿದ್ದ ಬ್ರಿಟಿಷ್ ಅಧಿಕಾರಿ ಇ. ಎ. ಬಟ್ಲರ್, ದಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಪಟ್ಟಿಯನ್ನು 1881ರಲ್ಲಿ 'ಸ್ಟ್ರೇ ಫೆದರ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಕಾಲದಲ್ಲಿ ಹಕ್ಕಿಯನ್ನು ಗುರುತಿಸುವುದೆಂದರೆ ಬಂದೂಕಿನಿಂದ ಕೆಡವಿ, ಚರ್ಮ ಸುಲಿದು, ಚೀಟಿ ಕಟ್ಟಿಡುವುದು. ಮುಂದೆ ಸಲೀಂ ಅಲಿ 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಬೆಳಗಾವಿ ಆಗ ಮುಂಬಯಿ ಪ್ರಾಂತ. ಹೀಗಾಗಿ ನಮ್ಮ ಸೀಮೆ ಆ ಲೆಕ್ಕದ ಹೊರಗೇ ಉಳಿಯಿತು.

ಬಂದೂಕಿನ ಜಾಗಕ್ಕೆ ಕ್ಯಾಮೆರಾ ತಂದ ಪೀಳಿಗೆಯಲ್ಲಿ ಕರ್ನಾಟಕದ ಹೆಸರುಗಳು ದೊಡ್ಡವು. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932-2017), ಇ. ಹನುಮಂತರಾವ್, ಸಂಡೂರಿನ ಎಂ. ವೈ. ಘೋರ್ಪಡೆ ಇವರೆಲ್ಲ ಫಿಲ್ಮಿನ ಕಾಲದಲ್ಲಿ, ಒಂದೊಂದು ಚಿತ್ರಕ್ಕೂ ಗಂಟೆಗಟ್ಟಲೆ ಮರೆಯಲ್ಲಿ ಕೂತು ಕೆಲಸ ಮಾಡಿದವರು. ಅವರ ತಾಳ್ಮೆಗೆ ಕೈಮುಗಿಯಬೇಕು. ಅದರ ಜೊತೆಗೇ ಕ್ಯಾಮೆರಾ ಕ್ಲಬ್ಬುಗಳ, ಸಲೂನ್ ಸ್ಪರ್ಧೆಗಳ ಒಂದು ಕಟ್ಟುಪಾಡೂ ನಮಗೆ ಬಂತು. ಫಿಯಾಪ್‌ನಂಥ ಅಂತರರಾಷ್ಟ್ರೀಯ ಒಕ್ಕೂಟಗಳ ವ್ಯಾಖ್ಯೆಯ ಪ್ರಕಾರ ನಿಸರ್ಗ ವಿಭಾಗದ ಚಿತ್ರದಲ್ಲಿ ಮನುಷ್ಯನ ಗುರುತು ಇರಕೂಡದು. ನಿಸರ್ಗದ ಕತೆಗೆ ಅದು ಅಗತ್ಯವಾದಾಗ ಮಾತ್ರ ರಿಯಾಯಿತಿ. ದಟ್ಟ ಕಾಡಿಗೆ ಈ ನಿಯಮ ಸರಿಹೊಂದೀತು. ಎರಿಹೊಲಕ್ಕೆ ಹೊಂದುವುದು ಹೇಗೆ? ಇಲ್ಲಿ ನೇಗಿಲು ಮುಟ್ಟದ ನೆಲವೇ ಅಪರೂಪ. ಇಲ್ಲಿನ ಹಕ್ಕಿಗಳು ಬಿತ್ತನೆ, ಕಳೆ, ಸುಗ್ಗಿಗಳ ಪಂಚಾಂಗದಲ್ಲೇ ಬದುಕುತ್ತವೆ. ರಿಯಾಯಿತಿ ಎಂದು ಬರೆದದ್ದೇ ನಮ್ಮ ಕಡೆ ವಾಡಿಕೆ.

ಈ ಕಟ್ಟುಪಾಡನ್ನು ಮಾಸ್ತರರು ಮೀರಿದ ಕೆಲವು ಚಿತ್ರಗಳಿವೆ. ನಾಲ್ಕನ್ನು ಹೇಳುತ್ತೇನೆ.

ಒಂದು ಕಿತ್ತೂರಿನದು. ಕೋಟೆಯ ಮುರಿದ ಗೋಡೆ ಮುಕ್ಕಾಲು ಚೌಕಟ್ಟು ತುಂಬಿದೆ. ಮೂಲೆಯ ಪೊಟರೆಯೊಂದರಿಂದ ಹಾಲಕ್ಕಿ ಇಣುಕುತ್ತಿದೆ. 1824ರ ಯುದ್ಧದ ನೆನಪು ಹೊತ್ತ ಗೋಡೆಯಲ್ಲಿ ಶಕುನ ನುಡಿಯುವ ಹಕ್ಕಿ. ಬುಡಬುಡಿಕೆಯವರ ಮಾತು ಕೇಳಿ ಬೆಳೆದವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅವರು ಇದನ್ನು ಕಪ್ಪುಬಿಳುಪು ಮಾಡಿದ್ದಾರೆ. ಅಷ್ಟರಮಟ್ಟಿಗೆ ಚಿತ್ರ ಸೋತಿದೆ. ಈಗ, ಇವತ್ತು ಅಲ್ಲಿ ವಾಸವಿರುವ ಹಕ್ಕಿಯನ್ನು ಅದು ಇತಿಹಾಸದೊಳಕ್ಕೆ ತಳ್ಳಿಬಿಡುತ್ತದೆ.

ಎರಡನೆಯದು ಬೈಲಹೊಂಗಲದ ಹತ್ತಿರದ ಹಿಂಗಾರಿ ಜೋಳದ ಹೊಲ. ತೆನೆ ಹಾಲುಗಟ್ಟಿದೆ. ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡೊಂದು ಎದ್ದಿದೆ, ಅಟ್ಟದ ಮೇಲೆ ನಿಂತ ಹೆಂಗಸಿನ ಕೈಯಲ್ಲಿ ಕವಣಿ ತಿರುಗುತ್ತಿದೆ. ಮಧ್ಯ ಏಷ್ಯಾದ ಕಡೆ ಮಿಡತೆ ತಿಂದು ಮರಿ ಮಾಡುವ ಈ ಹಕ್ಕಿ ಚಳಿಗಾಲಕ್ಕೆ ನಮ್ಮ ಜೋಳದ ಹೊಲಗಳಿಗೆ ಬರುತ್ತದೆ. ಅಲ್ಲಿ ರೈತನ ಗೆಳೆಯ, ಇಲ್ಲಿ ತೆನೆಕಳ್ಳ. ಚಿತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಹಕ್ಕಿ ಎಷ್ಟು ಚೆಲುವೋ ಕವಣಿ ಬೀಸುವ ತೋಳೂ ಅಷ್ಟೇ ಚೆಲುವು. ಒಂದು ಸ್ಪರ್ಧೆಗೆ ಕಳಿಸಿದಾಗ ಇದು ನಿಸರ್ಗ ವಿಭಾಗದಿಂದ ಹೊರಬಿತ್ತು. ಕಾರಣ, ಮನುಷ್ಯರಿದ್ದಾರೆ. ಎಳ್ಳಮಾವಾಸ್ಯೆಗೆ ಇದೇ ಹೊಲದಲ್ಲಿ ಚರಗ ಚೆಲ್ಲುತ್ತಾರೆ, ಅದರ ಪಾಲು ಹಕ್ಕಿಗೂ ಸಲ್ಲುತ್ತದೆ. ಅಟ್ಟಿಸುವುದು, ಉಣಿಸುವುದು ಎರಡನ್ನೂ ಒಂದೇ ಕೈಯಿಂದ ಮಾಡುವ ಈ ಸಂಬಂಧಕ್ಕೆ ಸ್ಪರ್ಧೆಯ ವಿಭಾಗಗಳಲ್ಲಿ ಜಾಗವಿಲ್ಲ.

ಮೂರನೆಯದು ಸವದತ್ತಿಯ ಗುಡ್ಡಗಳ ಕಡೆಯದು. ಒಣಹುಲ್ಲಿನ ಇಳಿಜಾರು, ಅಂಚಿನಲ್ಲಿ ಗಾಳಿಯಂತ್ರಗಳ ಸಾಲು, ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುವ ಒಂದು ಹ್ಯಾರಿಯರ್ ಗಿಡುಗ, ಉಗುರಿನಷ್ಟು ಸಣ್ಣದು. ಈ ಗಿಡುಗಗಳೂ ಚಳಿಗಾಲದ ಅತಿಥಿಗಳೇ. ರಾತ್ರಿ ನೆಲದ ಮೇಲೆ, ಹುಲ್ಲಿನೊಳಗೆ ಮಲಗುತ್ತವೆ. ಹಕ್ಕಿ ಇಷ್ಟು ಸಣ್ಣದಾದರೆ ಚಿತ್ರ ಖಾಲಿ ಅನ್ನಿಸುವುದಿಲ್ಲವೇ ಎಂದು ಕೇಳಿದೆ. "ಖಾಲಿ ಕಾಣತೈತಿ ಅಂದ್ರ ಖಾಲಿ ಐತಿ ಅಂತಲ್ಲ ನೋಡವಾ ತಂಗಿ" ಅಂದರು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ನಾಲ್ಕನೆಯದು ರಾಮದುರ್ಗದ ಹತ್ತಿರ, ಬೇಸಿಗೆಯ ಮಲಪ್ರಭೆ. ಬತ್ತಿದ ಪಾತ್ರ, ಟ್ರ್ಯಾಕ್ಟರ್ ಗಾಲಿಯ ಗುರುತು, ಕಲ್ಲುಗಳ ನಡುವೆ ಕಾವಲು ನಿಂತ ಟಿಟ್ಟಿಭ. ಬರಿ ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಯದು. ಮೊಟ್ಟೆಗಳು ಚಿತ್ರದಲ್ಲಿಲ್ಲ. ಹತ್ತಿರ ಹೋಗಿದ್ದರೆ ಸಿಗುತ್ತಿದ್ದವು, ಇವರು ಹೋಗಿಲ್ಲ. ಗೂಡಿನ ಚಿತ್ರಗಳನ್ನು ಈಗ ಅನೇಕ ಸ್ಪರ್ಧೆಗಳೇ ಒಪ್ಪುವುದಿಲ್ಲ. ನಮ್ಮ ಹೆಜ್ಜೆ ಹಿಡಿದು ನಾಯಿ, ಕಾಗೆ ಬಂದರೆ ಗೂಡಿನ ಕತೆ ಮುಗಿಯಿತು. ಇಲ್ಲಿ ದೂರ ನಿಂತದ್ದೇ ಚಿತ್ರದ ಗುಣವಾಗಿದೆ.

ಚಿತ್ರ ಹೇಗೆ ತೆಗೆದರೇನು, ಇದಕ್ಕೆ ಇಷ್ಟೊಂದು ಮಾತೇಕೆ ಎಂದು ನೀವು ಕೇಳಬಹುದು. ಕೇಂದ್ರದ ಭೂಸಂಪನ್ಮೂಲ ಇಲಾಖೆ 2000ದಿಂದ ಈಚೆಗೆ ದೇಶದ ಪಾಳುಭೂಮಿಯ ಅಟ್ಲಾಸ್‌ಗಳನ್ನು ಪ್ರಕಟಿಸುತ್ತ ಬಂದಿದೆ. ಕುರುಚಲು ನೆಲ, ಬಳಲಿದ ಗೋಮಾಳಗಳು ಅದರಲ್ಲಿ ಪಾಳು ಎಂದೇ ವರ್ಗೀಕೃತ. ಕುರಿಗಾರನ ಕಣ್ಣಿಗೆ ಮೇವು, ಗಿಡುಗದ ಕಣ್ಣಿಗೆ ಹಾಸಿಗೆ ಆದದ್ದು ಕಡತದಲ್ಲಿ ಪಾಳು. ಪಾಳು ಎಂದಮೇಲೆ ಅದನ್ನು ಏನಕ್ಕಾದರೂ ಕೊಡಬಹುದು, ಏನನ್ನಾದರೂ ನೆಡಬಹುದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯಿತು. ಒಂದು ಕಾಲಕ್ಕೆ ಎರೆಭೂತಕ್ಕೂ ಹೆಸರಾಗಿದ್ದ ಜಾಗ ಅದು. ಅದರ ಬಹುಭಾಗ ನೀಲಗಿರಿ ನೆಡುತೋಪು. ಬಯಲಲ್ಲಿ ಓಡಾಡಿ, ದೂರದವರೆಗೆ ಕಣ್ಣು ಹಾಯಿಸಿ ಬದುಕುವ ಹಕ್ಕಿಗೆ ಮರಗಳ ಸಾಲು ಮನೆಯಾಗುವುದಿಲ್ಲ. ಹೆಸರಿನಲ್ಲೇ ಎರಿಮಣ್ಣನ್ನು ಹೊತ್ತ ಈ ದೊಡ್ಡ ಹಕ್ಕಿ ಇವತ್ತು ದೇಶದಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿದೆ, ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ. ಹಸಿರೊಂದೇ ನಿಸರ್ಗ ಎನ್ನುವ ಕಣ್ಣು ಕಾಡಿಲ್ಲದ ಕಡೆ ಕಾಡು ಮಾಡಲು ಹೊರಡುತ್ತದೆ. ನಮ್ಮ ಸಾಹಿತ್ಯ, ನಮ್ಮ ಕ್ಯಾಲೆಂಡರಿನ ಚಿತ್ರಗಳು ಆ ಕಣ್ಣನ್ನು ಸಾಕಿವೆ.

ಇಲ್ಲಿ ತೇಜಸ್ವಿಯವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ತಮ್ಮ ಸುತ್ತಲಿನದನ್ನು ಬರೆದರು, ತಮ್ಮ ಸುತ್ತಲಿನ ಹಕ್ಕಿಗಳ ಚಿತ್ರ ತೆಗೆದರು. ಅವರಿಂದ ಕಲಿಯಬೇಕಾದ್ದು ಮಲೆನಾಡನ್ನಲ್ಲ, ಆ ಸುತ್ತಲಿನದನ್ನು. 1980ರಲ್ಲಿ ಬಂದ 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನು ಹುಡುಕುವ ತಂಡದೊಳಗೆ ಕ್ಯಾಮೆರಾ ಹಿಡಿದ ಪ್ರಭಾಕರನೂ ಇದ್ದಾನೆ, ಮಂದಣ್ಣನೂ ಇದ್ದಾನೆ. ಕೊನೆಗೆ ಓತಿ ಎಲ್ಲರ ಕೈತಪ್ಪಿ ಕಣಿವೆಗೆ ತೇಲಿಹೋಗುತ್ತದೆ. ಯಂತ್ರದ ಕಣ್ಣಿಗಿಂತ ಮುಂಚೆ ಹಳ್ಳಿಯವನ ಕಣ್ಣು ಅದನ್ನು ಕಂಡಿತ್ತು ಎಂಬುದನ್ನು ಕಾದಂಬರಿ ಮರೆಯಗೊಡುವುದಿಲ್ಲ.

ಮಾಸ್ತರರ ಚಿತ್ರಗಳಲ್ಲಿ ನನಗೆ ಕೊರತೆ ಕಂಡದ್ದೂ ಅಲ್ಲೇ. ಅಡಿಬರಹಗಳೆಲ್ಲ 'ಇಂಡಿಯನ್ ರೋಲರ್, ಸವದತ್ತಿ' ಎಂಬ ಥರದವು, ಜೊತೆಗೆ ಮಸೂರದ ಅಳತೆ, ಷಟರ್ ವೇಗ. ಕವಣಿ ಬೀಸುವ ಹೆಂಗಸು ಆ ಹಕ್ಕಿಯನ್ನು ಏನೆಂದು ಕರೆಯುತ್ತಾಳೆ, ಕುರಿಗಾರ ಗಿಡುಗಕ್ಕೆ ಏನನ್ನುತ್ತಾನೆ ಎಂಬುದು ಎಲ್ಲೂ ಇಲ್ಲ. 1932ರಲ್ಲಿ ಬಂದ 'ಗರಿ' ಸಂಕಲನದಲ್ಲಿ ಬೇಂದ್ರೆ ಹಾರಿಸಿದ ಹಕ್ಕಿ ಕಾಲದ ಹಕ್ಕಿ. ಅದು ಯಾವ ಜಾತಿಯದು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಫೋಟೊಕ್ಕೆ ಆ ಸವಲತ್ತಿಲ್ಲ. ಅದು ಇಂಥ ದಿನ, ಇಂಥ ಹೊಲದಲ್ಲಿ, ಇಂಥದೇ ಒಂದು ಹಕ್ಕಿಯ ಮುಂದೆ ನಿಂತಿರುತ್ತದೆ. ಆ ಬಿಡಿವಿವರಗಳೇ ಅದರ ಆಸ್ತಿ. ಕರಗಿಸಿದ ಹಿನ್ನೆಲೆಯೂ ಇಂಗ್ಲಿಷ್ ಹೆಸರೂ ಸೇರಿ ಆ ಆಸ್ತಿಯನ್ನೇ ಕಳೆದುಬಿಡುತ್ತವೆ.

ಈ ನಾಲ್ಕು ಊರುಗಳ ಸುತ್ತ ಕ್ಯಾಮೆರಾ ಹಿಡಿದು ತಿರುಗುವ ಯುವಕರು ಈಗ ಸಾಕಷ್ಟಿದ್ದಾರೆ. ಕನ್ನಡ ಎಂ.ಎ. ಓದುವವರೂ ಇದ್ದಾರೆ. ಇಬ್ಬರೂ ಸೇರಿ ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಎರಡು ಸಾಲು: ಯಾವ ತಿಂಗಳು, ಹೊಲದಲ್ಲಿ ಏನು ಬೆಳೆ, ಹಕ್ಕಿ ಏನು ಮಾಡುತ್ತಿತ್ತು, ಅಲ್ಲಿಯವರು ಅದನ್ನು ಏನೆಂದರು. ಗೂಡಿನ ಜಾಗ ಮಾತ್ರ ಬರೆಯುವುದು ಬೇಡ. ಬಟ್ಲರ್ 1881ರಲ್ಲಿ ಪಟ್ಟಿ ಮಾಡಿದ ಕಾರಣಕ್ಕೆ ಆಗ ಈ ಸೀಮೆಯಲ್ಲಿ ಏನಿತ್ತು ಎಂದು ಇಂದು ಕೇಳಿದರೆ ಒಂದು ಉತ್ತರವಾದರೂ ಸಿಗುತ್ತದೆ. ಮುಂದೆ ಯಾರಾದರೂ ಸವದತ್ತಿಯ ಗುಡ್ಡದ ಕಡತ ತೆರೆದು ಇಲ್ಲಿ ಪಾಳಲ್ಲದೆ ಬೇರೇನಿತ್ತು ಎಂದು ಕೇಳಿದಾಗ, ಉಗುರಿನಷ್ಟು ಸಣ್ಣ ಆ ಗಿಡುಗದ ಚಿತ್ರವೂ ಅದರ ಕೆಳಗಿನ ಎರಡು ಸಾಲೂ ಸಾಕ್ಷಿಗೆ ಬೇಕಾಗುತ್ತವೆ.